ಭಾಷೆ ತಿಳೀಲಿಲ್ಲವೋ, ನೆನಪು ನಿಲ್ಲಲಿಲ್ಲವೋ? ಗಡಿಭಾಗದ ಅಂಗಣವಾಡಿ ಮತ್ತು ಗರ್ಭಕಾಲದ ಮದ್ಯಪರಿಣಾಮ

ಅಕ್ಕಲಕೋಟೆ, ಜತ್ತ ಭಾಗದ ಅಂಗಣವಾಡಿ ಸೇವಿಕಾ ಅಕ್ಕಂದಿರು, ಬಾಲವಾಡಿ ಶಿಕ್ಷಕರು ಕೇಳ್ತಾ ಇದ್ದೀರಿ ಅಂತ ತಿಳಿದು ಮಾತಾಡ್ತೀನಿ. ತಾಯಿ ಬಸಿರಿದ್ದಾಗ ಮದ್ಯ ಸೇವಿಸಿದ್ದರೆ ಮಗುವಿನ ಬೆಳವಣಿಗೆ ಮೇಲೆ ಆಗುವ ಪರಿಣಾಮಕ್ಕೆ ವೈದ್ಯರು ‘ಫೀಟಲ್ ಆಲ್ಕೊಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್’ ಅಂತಾರೆ. ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಅದು ಹೇಗೆ ಕಾಣಿಸ್ತದೆ ಅನ್ನೋದು ಇವತ್ತಿನ ವಿಷಯ.

ಫ್ರಾನ್ಸಿನ ನಾಂತ್ ನಗರದ ಮಕ್ಕಳ ವೈದ್ಯ ಪೌಲ್ ಲೆಮ್ವಾನ್ ಮತ್ತು ಸಂಗಡಿಗರು 1968ರಲ್ಲೇ, ಕುಡಿತದ ಚಟವಿದ್ದ ತಂದೆತಾಯಿಗಳ 127 ಮಕ್ಕಳನ್ನು ಗಮನಿಸಿ ಬರೆದಿದ್ದರು. ಅದು ಫ್ರೆಂಚಿನಲ್ಲಿತ್ತು, ಹೊರಗಿನವರು ಹೆಚ್ಚು ಓದಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಜೋನ್ಸ್ ಮತ್ತು ಸ್ಮಿತ್ ಇಂಗ್ಲಿಷಿನಲ್ಲಿ ಬರೆದ ಮೇಲೇ ಜಗತ್ತು ಕಿವಿಗೊಟ್ಟಿತು. ಭಾಷೆಯ ಗಡಿ ದಾಟೋದಕ್ಕೆ ಐದು ವರ್ಷ ಬೇಕಾಯ್ತು ನೋಡ್ರಿ!

ತಾಯಿ ಕುಡಿದದ್ದು ಮಾಸಿನ ಮೂಲಕ ಮಗುವಿನ ರಕ್ತ ಸೇರ್ತದೆ. ಅದನ್ನು ಕರಗಿಸುವ ಶಕ್ತಿ ಆ ಎಳೆ ಯಕೃತ್ತಿಗೆ ಇನ್ನೂ ಬಂದಿರೋದಿಲ್ಲ. ‘ಇಷ್ಟು ಕುಡಿದರೆ ಪರವಾಗಿಲ್ಲ’ ಅನ್ನುವ ಅಳತೆ ಯಾವುದೂ ಇಲ್ಲ. ಪುಸ್ತಕಗಳಲ್ಲಿ ಮೂರು ಮುಖಲಕ್ಷಣ ಕೊಟ್ಟಿರ್ತಾರೆ: ಕಣ್ಣಿನ ಸೀಳು ಚಿಕ್ಕದು, ಮೂಗು ಮತ್ತು ತುಟಿ ನಡುವಿನ ಗುಳಿ ಸಮತಟ್ಟು, ಮೇಲ್ತುಟಿ ತೆಳು. ಆದರೆ ಮುಖ ರೂಪುಗೊಳ್ಳೋದು ಮೊದಲ ಕೆಲವು ವಾರಗಳಲ್ಲಿ. ಮಿದುಳು ಬೆಳೆಯೋದು ಒಂಬತ್ತೂ ತಿಂಗಳು. ಹಾಗಾಗಿ ಬಹುಪಾಲು ಮಕ್ಕಳ ಮುಖದಲ್ಲಿ ಏನೂ ಕಾಣಿಸೋದಿಲ್ಲ. ಮುಖ ನೋಡಿ ಹುಡುಕೋದನ್ನ ಬಿಡ್ರಿ.

ನೋಡಬೇಕಾದ್ದು ದಿನದ ನಡವಳಿಕೆ. ನಿನ್ನೆ ಕಲಿತ ಬಣ್ಣದ ಹೆಸರು ಇವತ್ತಿಲ್ಲ, ನಾಳೆ ಮತ್ತೆ ಬರ್ತದೆ. ‘ಚಪ್ಪಲಿ ಬಿಡು, ಕೈ ತೊಳಕೋ, ತಾಟು ತಗೊಂಡು ಬಾ’ ಅಂದರೆ ಚಪ್ಪಲಿ ಬಿಟ್ಟು ಸುಮ್ಮನೆ ನಿಂತುಬಿಡ್ತದೆ. ‘ಹೊಡೀಬಾರದು’ ಅಂತ ಬಾಯಿಪಾಠ ಹೇಳ್ತದೆ, ಮರುಕ್ಷಣ ಹೊಡೀತದೆ. ಗದ್ದಲ ತಡಕೊಳ್ಳೋದಿಲ್ಲ. ಇದನ್ನು ನಾವು ಹಟ ಅಂತೀವಿ, ಬೈತೀವಿ. ಬೈದದ್ದೂ ಅದಕ್ಕೆ ನೆನಪಿರೋದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಅಂಗಣವಾಡಿಯಲ್ಲಿ ಎಷ್ಟೋ ಕಡೆ ಮರಾಠಿ. ಮಗು ಹೇಳಿದ್ದು ಮಾಡದಿದ್ದರೆ ‘ಕಾನಡಿ ಮುಲಗಾ ಆಹೆ, ಸಮಜತ ನಾಹಿ’ ಅಂತ ಬಿಟ್ಟುಬಿಡೋದು ಸುಲಭ. ಆಗ ನಿಜವಾದ ತೊಂದರೆ ಭಾಷೆಯ ಹಿಂದೆ ಅಡಗಿ ಕೂತುಕೊಳ್ತದೆ. ಇದರ ತಿರುಗಾಮುರುಗಾನೂ ಆಗ್ತದೆ: ಚುರುಕು ಮಗುವಿಗೆ ಮರಾಠಿ ಬಾರದ್ದಕ್ಕೇ ‘ಮಂದ’ ಅನ್ನುವ ಹೆಸರು. ಆದ್ದರಿಂದ ಅದೇ ಸೂಚನೆಯನ್ನು ಮನೆಮಾತಿನಲ್ಲಿ ಕೊಟ್ಟು ನೋಡಿ. ಕನ್ನಡದಲ್ಲಿ ಸಲೀಸಾಗಿ ಮಾಡಿದರೆ ಅದು ಭಾಷೆಯ ಮಾತು. ಎರಡರಲ್ಲೂ ಮರೆವು ಒಂದೇ ಥರ ಇದ್ದರೆ ಬರೆದಿಡಿ: ದಿನಾಂಕ, ಯಾವ ಭಾಷೆಯಲ್ಲಿ ಏನು ಹೇಳಿದಿರಿ, ಮಗು ಏನು ಮಾಡಿತು.

ಆದರೆ ಕಾರಣ ಹೇಳೋದು ನಮ್ಮ ಕೆಲಸ ಅಲ್ಲ. ಕಿವಿ ಸರಿಯಾಗಿ ಕೇಳದ ಮಗು, ರಕ್ತಹೀನತೆಯ ಮಗು, ದಿನ ತುಂಬದೆ ಹುಟ್ಟಿದ ಮಗು ಕೂಡ ಹೀಗೆ ಕಾಣಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದ್ಯ ಸೇವಿಸ್ತೀವಿ ಅಂದ ಹೆಂಗಸರು ನೂರಕ್ಕೆ 1.3ರಷ್ಟು ಮಾತ್ರ. ಹೇಳಲು ನಾಚಿದವರು ಎಷ್ಟೋ ಇರಬಹುದು. ಆದರೂ ಪ್ರತಿ ತಾಯಿಯ ಮೇಲೆ ಅನುಮಾನ ಪಡುವ ಹಾಗಿಲ್ಲ. ‘ನೀ ಕುಡೀತಿದ್ದೇನವಾ’ ಅಂತ ನಾಲ್ಕು ಜನರ ಮುಂದೆ ಕೇಳಲೇಬೇಡಿ. ಬಸಿರು ನಿಂತದ್ದು ಗೊತ್ತಾಗೋ ಮೊದಲೇ ಕುಡಿದಿರಬಹುದು. ಆ ಮಾತು ಒಳಕೋಣೆಯಲ್ಲಿ ನರ್ಸಬಾಯಿ, ಡಾಕ್ಟರ ಕೇಳಲಿ.

2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗಣವಾಡಿಗೆ ಬರಬೇಕು. ಅವರ ಮೂಲ ಪಟ್ಟಿಯ 30 ತೊಂದರೆಗಳಲ್ಲಿ ಇದರ ಹೆಸರಿಲ್ಲ. ಬೆಳವಣಿಗೆ ತಡ, ಮಾತು ತಡ, ಗಮನದ ಕೊರತೆ ಇವೆ. ನೀವು ಬರೆದಿಟ್ಟ ಹಾಳೆ ತೋರಿಸಿ, ಅವುಗಳ ಅಡಿಯಲ್ಲೇ ಜಿಲ್ಲಾ ಕೇಂದ್ರಕ್ಕೆ ಕಳಿಸಲು ಕೇಳಿ.

ಅಲ್ಲೀವರೆಗೆ ಕಾಯೋದು ಬೇಡ. ಒಂದು ಸಲಕ್ಕೆ ಒಂದೇ ಸೂಚನೆ, ಜೊತೆಗೆ ಚಿತ್ರ ಅಥವಾ ಕೈಸನ್ನೆ; ದಿನಾ ಅದೇ ಜಾಗ, ಅದೇ ಕ್ರಮ. ಕಾರಣ ಯಾವುದಿದ್ದರೂ ಇದರಿಂದ ಮಗುವಿಗೆ ಅನುಕೂಲ.

ಕನ್ನಡ ಬರುವ ಮದತನೀಸ ಇಲ್ಲದಿದ್ದರೆ ಏನು ಮಾಡೋದು ಅಂತ ಕೇಳಬಹುದು. ಮಗುವಿನ ಅಜ್ಜಿಯನ್ನು ಹತ್ತು ನಿಮಿಷ ಕೂರಿಸಿಕೊಳ್ಳಿ. ಆಕೆ ಹೇಳಲಿ, ನೀವು ನೋಡಿ ಬರೀರಿ.