ಕೇಳಿದ ಮೀನಲ್ಲ, ಬಂದ ಮೀನು: ಕಡಲೂರಿನಲ್ಲಿ ರಜೆಯ ಊಟ

ಮಕ್ಕಳ ಪರೀಕ್ಷೆ ಮುಗಿಯಿತು. ಬಿಸಿಲು ನೆತ್ತಿ ಸುಡುತ್ತಿದೆ. "ಅಮ್ಮಾ, ಈ ಸಲ ಸಮುದ್ರ ನೋಡೋಕೆ ಹೋಗೋಣ" ಎಂಬ ರಾಗ ನಿಮ್ಮ ಮನೆಯಲ್ಲೂ ಶುರುವಾಗಿರಬೇಕು, ಅಲ್ಲವೇ? ಯಜಮಾನರು ಬಸ್ಸಿನ ವೇಳೆ ವಿಚಾರಿಸುತ್ತಾರೆ, ಮಕ್ಕಳು ಚೆಂಡು ಹುಡುಕುತ್ತಾರೆ. ಅಲ್ಲಿ ಹೋಗಿ ಉಣ್ಣುವುದೇನು ಎಂಬ ಚಿಂತೆ ಮಾತ್ರ ನಮ್ಮ ಪಾಲಿಗೆ! ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಎಂದು ಡಬ್ಬಿಗಳು ಒಂದೊಂದಾಗಿ ಚೀಲ ಸೇರುತ್ತವೆ.

ಸ್ವಲ್ಪ ತಾಳಿ. ಈ ಸಲ ಆ ಡಬ್ಬಿಗಳನ್ನು ಮನೆಯಲ್ಲೇ ಬಿಡಿ. ಕಡಲೂರಿಗೆ ಹೋದ ಮೇಲೆ ಕಡಲೂರಿನ ಊಟವನ್ನೇ ಉಣ್ಣಬೇಕು. ಆದರೆ ಹೇಗೆ ಉಣ್ಣಬೇಕು ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ.

ಹೆಸರಿಗೆ ಮರುಳಾದ ಕಥೆ

ನಾವು ಬಯಲುಸೀಮೆಯವರು. ನಮ್ಮೂರಿನಲ್ಲಿ ಮೀನೆಂದರೆ ಸಂತೆಯ ದಿನ ಐಸಿನಲ್ಲಿ ಬರುವ ಮೀನು. ಮೊದಲ ಸಲ ಉಡುಪಿ ಹತ್ತಿರದ ಮಲ್ಪೆಗೆ ಹೋದಾಗ ದಾರಿಬದಿಯ ಊಟದ ಮನೆಯೊಂದರಲ್ಲಿ ಕೂತು, "ಅಂಜಲ್ ಫ್ರೈ ಕೊಡಿ" ಎಂದು ಜಂಬದಿಂದ ಹೇಳಿದೆವು. ಹೆಸರು ಕೇಳಿದ್ದೆವಲ್ಲ! ಕೆಂಪು ಮಸಾಲೆ ಮೆತ್ತಿದ ದಪ್ಪ ತುಂಡುಗಳು ಬಂದವು. ಚಿಕ್ಕ ಮಗ "ನಾಲಿಗೆ ಚುರುಚುರು ಅಂತಿದೆ" ಎಂದ. ಮೆಣಸಿನ ಖಾರವೆಂದುಕೊಂಡು ಗದರಿಸಿ ತಿನ್ನಿಸಿದೆ. ಅರ್ಧ ಗಂಟೆಯಲ್ಲಿ ಅವನ ಮುಖ ಕೆಂಪಗೆ ಊದಿತು. ಮೈಯೆಲ್ಲ ತುರಿಕೆ, ಆಮೇಲೆ ವಾಂತಿ. ಗೊತ್ತಿಲ್ಲದ ಊರಿನಲ್ಲಿ ಮಗುವನ್ನೆತ್ತಿಕೊಂಡು ಡಾಕ್ಟರ ಮನೆ ಹುಡುಕಿದ ಆ ಸಂಜೆ ಇಂದಿಗೂ ಮರೆತಿಲ್ಲ.

ಡಾಕ್ಟರು ಇಂಜೆಕ್ಷನ್ ಕೊಟ್ಟು, ಮಗು ಸುಧಾರಿಸಿದ ಮೇಲೆ ವಿವರಿಸಿದರು. ಅಂಜಲ್, ಬಂಗುಡೆ, ಬೂತಾಯಿ, ಕೇದರೆಯಂಥ ಮೀನುಗಳನ್ನು ಐಸಿಲ್ಲದೆ ಸೆಕೆಯಲ್ಲಿಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ಒಮ್ಮೆ ಬೆಳೆಯಿತೆಂದರೆ ಕುದಿಸಿದರೂ ಕರಿದರೂ ಅದು ಹೋಗುವುದಿಲ್ಲ. ಮೀನಿಗೆ ಖಾರವಲ್ಲದ ಒಂಥರಾ ಚುರುಕು ರುಚಿ ಇದ್ದರೆ ಕೂಡಲೇ ತಟ್ಟೆ ಪಕ್ಕಕ್ಕಿಡಬೇಕು. ಮಗು ಸತ್ಯವನ್ನೇ ಹೇಳಿತ್ತು, ಕೇಳುವ ಕಿವಿ ನನಗಿರಲಿಲ್ಲ.

ಮನೆಯೊಡತಿಯ ಪಾಠ

ನಾವು ಇಳಿದುಕೊಂಡಿದ್ದ ಮನೆಯ ಹಿರಿಯಮ್ಮ ಸಂಗತಿ ಕೇಳಿ ತಲೆ ಚಚ್ಚಿಕೊಂಡರು. "ಎಂಥದು ಮಾರಾಯ್ರೇ, ಅಂಜಲೇ ಬೇಕೂಂತ ಹಟ ಯಾಕೆ? ಕೇಳಿದ ಮೀನಲ್ಲ, ಬಂದ ಮೀನು ತಿನ್ನಬೇಕು!" ಎಂದರು. ಮಾರನೆಯ ಬೆಳಿಗ್ಗೆ ನನ್ನನ್ನು ಬಂದರಿಗೇ ಕರೆದುಕೊಂಡು ಹೋದರು.

ಅಲ್ಲಿಯ ಗದ್ದಲ ನೋಡಬೇಕು! ದೋಣಿಯಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿದೆ, ಒಂದು ಕಡೆ ಏಲಂ ಕೂಗುತ್ತಿದ್ದಾರೆ, ಇನ್ನೊಂದು ಕಡೆ ಹೆಂಗಸರು ತುಳುವಿನಲ್ಲಿ ಚೌಕಾಸಿ ಮಾಡುತ್ತಿದ್ದಾರೆ. ಹಿರಿಯಮ್ಮ ತೋರಿಸಿಕೊಟ್ಟ ಗುರುತುಗಳನ್ನು ನೀವೂ ನೆನಪಿಟ್ಟುಕೊಳ್ಳಿ:

• ಕಣ್ಣು ಹೊಳೆಯುತ್ತ ಉಬ್ಬಿರಬೇಕು. ಮಂಕಾಗಿ ಗುಳಿ ಬಿದ್ದಿದ್ದರೆ ಬೇಡ.
• ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳತು.
• ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು, ತಗ್ಗು ಉಳಿಯಬಾರದು.
• ಸಿಗಡಿಯ ತಲೆ ಗಟ್ಟಿಯಾಗಿ ಅಂಟಿಕೊಂಡಿರಬೇಕು.
• ಮರುವಾಯಿ ಚಿಪ್ಪುಗಳು ಹಸಿಯಾಗಿರುವಾಗ ಬಾಯಿ ಮುಚ್ಚಿರಬೇಕು. ಬೆಂದ ಮೇಲೂ ಬಾಯಿ ಬಿಡದವನ್ನು ಎಸೆದುಬಿಡಿ.
• ಮೀನಿಗೆ ಸಮುದ್ರದ ವಾಸನೆ ಇರಬೇಕು, ನಾತವಲ್ಲ.

ಆ ದಿನ ಬಂಗುಡೆ ರಾಶಿ ಬಿದ್ದಿತ್ತು. ಅಂಜಲಿನ ಮುಂದೆ ಬಂಗುಡೆ, ಬೂತಾಯಿಗಳ ಬೆಲೆ ಬಹಳ ಕಡಿಮೆ. ಆದರೆ ಹೃದಯಕ್ಕೆ ಒಳ್ಳೆಯದೆನ್ನುವ ಒಮೇಗಾ-3 ಕೊಬ್ಬು ಈ ಬಡವರ ಮೀನುಗಳಲ್ಲಿ ಧಾರಾಳ. ಬೂತಾಯಿಯ ಮೆತ್ತನೆಯ ಮುಳ್ಳುಗಳನ್ನು ಅಗಿದು ತಿಂದರೆ ಸುಣ್ಣದಂಶವೂ ಸಿಗುತ್ತದೆ. ನಮ್ಮಂಥ ಸಂಸಾರಸ್ಥರಿಗೆ ಇನ್ನೇನು ಬೇಕು?

ಇನ್ನೊಂದು ಮಾತು. ರಜೆಗೆ ಹೋಗುವುದಾದರೆ ಏಪ್ರಿಲ್-ಮೇ ತಿಂಗಳಲ್ಲೇ ಹೋಗಿ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮರಿ ಮಾಡುವ ಕಾಲವೆಂದು, ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿಯೇ ಬೇಸಿಗೆಯ ಬಿಸಿಲಿನಲ್ಲಿ ಅಲ್ಲಿಯ ಹೆಂಗಸರು ಮಳೆಗಾಲಕ್ಕೆಂದು ಮೀನು ಒಣಗಿಸುತ್ತಾರೆ. ನಾವು ಹಪ್ಪಳ, ಸಂಡಿಗೆ ಒಣಗಿಸುವುದಿಲ್ಲವೇ, ಹಾಗೆಯೇ! ಒಣ ಸಿಗಡಿ ಒಂದು ಪೊಟ್ಟಣ ತಂದುಕೊಂಡರೆ ತೆಂಗಿನಕಾಯಿ, ಒಣಮೆಣಸು, ಹುಣಸೆ ಸೇರಿಸಿ ಗಂಜಿಗೆ ಸೊಗಸಾದ ಚಟ್ನಿಯಾಗುತ್ತದೆ.

ಬಂಗುಡೆ ಪುಳಿಮುಂಚಿ

ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಹೆಸರಿನಲ್ಲೇ ರುಚಿ ಇದೆ. ಇದಕ್ಕೆ ತೆಂಗಿನಕಾಯಿ ಬೇಡವಾದ್ದರಿಂದ ಊರಿಗೆ ಮರಳಿದ ಮೇಲೂ ಸುಲಭವಾಗಿ ಮಾಡಬಹುದು.

ಬೇಕಾಗುವ ಸಾಮಾನು: ಮಧ್ಯಮ ಗಾತ್ರದ ಬಂಗುಡೆ 6, ಬ್ಯಾಡಗಿ ಮೆಣಸಿನಕಾಯಿ 12, ಕೊತ್ತಂಬರಿ ಬೀಜ 1 ದೊಡ್ಡ ಚಮಚ, ಜೀರಿಗೆ ½ ಚಮಚ, ಮೆಂತ್ಯ ¼ ಚಮಚ, ಕಾಳುಮೆಣಸು 8, ಬೆಳ್ಳುಳ್ಳಿ 6 ಎಸಳು, ನಿಂಬೆ ಗಾತ್ರದ ಹುಣಸೆಹಣ್ಣು, ಚಿಟಿಕೆ ಅರಿಸಿನ, ಈರುಳ್ಳಿ 1, ಒಂದು ತುಂಡು ಶುಂಠಿ, ತೆಂಗಿನೆಣ್ಣೆ 1 ದೊಡ್ಡ ಚಮಚ, ಉಪ್ಪು.

ಮಾಡುವ ವಿಧಾನ: ಮೆಣಸಿನಕಾಯಿ ಮತ್ತು ಕಾಳುಗಳನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಬೆಳ್ಳುಳ್ಳಿ, ಹುಣಸೆ, ಅರಿಸಿನದೊಂದಿಗೆ ನುಣ್ಣಗೆ ರುಬ್ಬಿ. ಮಣ್ಣಿನ ಮಡಕೆಯಿದ್ದರೆ ಉತ್ತಮ. ಎಣ್ಣೆಯಲ್ಲಿ ಈರುಳ್ಳಿ, ಶುಂಠಿ ಬಾಡಿಸಿ, ಮಸಾಲೆ, ಉಪ್ಪು, ಬೇಕಾದಷ್ಟು ನೀರು ಸೇರಿಸಿ ಹತ್ತು ನಿಮಿಷ ಕುದಿಸಿ. ಆಮೇಲೆ ತೊಳೆದ ಮೀನು ಹಾಕಿ ಏಳೆಂಟು ನಿಮಿಷ ಬೇಯಿಸಿ. ಸೌಟು ಹಾಕಿದರೆ ಮೀನು ಪುಡಿಯಾದೀತು, ಪಾತ್ರೆಯನ್ನೇ ಹಿಡಿದು ತಿರುಗಿಸಿ. ಕುಚ್ಚಲಕ್ಕಿ ಅನ್ನಕ್ಕೂ ನೀರುದೋಸೆಗೂ ಹೇಳಿ ಮಾಡಿಸಿದ್ದು. ಮರುದಿನ ರುಚಿ ಇನ್ನೂ ಹೆಚ್ಚು. ಆದರೆ ಸೆಕೆಗಾಲ, ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ.

ಮೀನು ತಿನ್ನದವರಿಗೆ

"ನಾವು ಮೀನು ಮುಟ್ಟುವವರಲ್ಲ" ಎನ್ನುವ ಸೋದರಿಯರೇ, ನಿಮಗೂ ನಷ್ಟವಿಲ್ಲ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಸೇಮಿಗೆಗೆ ಬೆಲ್ಲ ಹಾಕಿದ ಕಾಯಿಹಾಲು, ಕಾಟುಮಾವಿನ ಹಣ್ಣಿನ ಗೊಜ್ಜು, 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳದ ಹುಳಿ, ಒಂದೇ ಎರಡೇ? ಬೇಸಿಗೆಯಲ್ಲಿ ಹಣ್ಣಾಗುವ ಪುನರ್ಪುಳಿಯ ಒಣ ಸಿಪ್ಪೆಯನ್ನು ಮರೆಯದೆ ತನ್ನಿ. ಎಂಟು-ಹತ್ತು ಸಿಪ್ಪೆಗಳನ್ನು ನಾಲ್ಕು ಲೋಟ ಬಿಸಿನೀರಿನಲ್ಲಿ ನೆನೆಸಿ, ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಕೆಂಪು ಕೆಂಪಾದ ಸಾರು ಸಿದ್ಧ.

ನಿಮಗೂ ರಜೆ ಇರಲಿ

ಊರಿಗೆ ಹೊರಡುವ ಹಿಂದಿನ ದಿನ ಹಿರಿಯಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಬಡಿಸಿದರು. ಎದ್ದು ನೆರವಾಗಲು ಹೋದರೆ, "ಕೂತ್ಕೊಳ್ಳಿ, ವರ್ಷವಿಡೀ ಬಡಿಸುವುದು ಉಂಟಲ್ಲ" ಎಂದು ಗದರಿದರು. ಬಿಸಿಬಿಸಿಯಾದ ಅನ್ನ, ಬೇರೆಯವರ ಕೈಯ ಅಡಿಗೆ, ಪಕ್ಕದಲ್ಲಿ ಬಂಗುಡೆಯ ಮುಳ್ಳು ಬಿಡಿಸಲು ಕಲಿತ ಮಗ. ಎಲ್ಲರಿಗಿಂತ ಮೊದಲು ಕೂತು ಉಂಡು ಎಷ್ಟು ವರ್ಷವಾಗಿತ್ತೋ! ಕಣ್ಣು ಮಂಜಾದದ್ದು ಮೆಣಸಿನ ಖಾರಕ್ಕಲ್ಲ.

ಮಗ ಈಗಲೂ ಮೀನು ತಟ್ಟೆಗೆ ಬಂದೊಡನೆ ಒಂದು ಚೂರು ನಾಲಿಗೆಗಿಟ್ಟು, "ಸರಿ ಇದೆ ಅಮ್ಮ" ಎನ್ನುತ್ತಾನೆ. ಆಮೇಲೆಯೇ ನಾವೆಲ್ಲ ಕೈ ಹಾಕುವುದು. ನೀವೂ ಹೋಗಿ ಬನ್ನಿ. ಮೀನಿನ ಕಣ್ಣು ನೋಡಿ, ಮಕ್ಕಳ ಮಾತು ಕೇಳಿ, ಒಂದು ದಿನವಾದರೂ ಮೊದಲ ಪಂಕ್ತಿಯಲ್ಲಿ ಕೂತು ಊಟ ಮಾಡಿ.