ನಿಮಗಿದು ಗೊತ್ತೇ? ಗಾಲಿ ಮೇಲಿನ ಮನೆಯ ತಂಪಿನ ಗುಟ್ಟು!

ಹಾಸಿಗೆ, ಒಲೆ, ಫ್ರಿಜ್ಜು ಎಲ್ಲವನ್ನೂ ಹೊತ್ತು ಊರೂರು ಸುತ್ತುವ ಕ್ಯಾಂಪರ್ ವ್ಯಾನ್ ಎಂದರೆ ಯಾರಿಗೆ ಆಸೆಯಿಲ್ಲ ಹೇಳಿ! ಆದರೆ ಬಿಸಿಲಿಗೆ ನಿಲ್ಲಿಸಿ ನೋಡಿ. ಅದು ಥಟ್ಟನೆ ಕಾದ ತಗಡಿನ ಡಬ್ಬಿ! ಅದನ್ನು ತಣ್ಣಗಿಡಲು ಜನ ಏನೆಲ್ಲ ಮಾಡಿದ್ದಾರೆ ಗೊತ್ತೇ?

ಮೊದಲು ಬಿಸಿಯ ಲೆಕ್ಕ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2005ರಲ್ಲಿ ಒಂದು ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಅಳೆದರು. ಹೊರಗೆ ಹಿತವಾದ 22 ಡಿಗ್ರಿ. ಒಂದೇ ಗಂಟೆಯಲ್ಲಿ ಒಳಗೆ 47 ಡಿಗ್ರಿ! ಏರಿದ ಬಿಸಿಯಲ್ಲಿ ಹೆಚ್ಚಿನದು ಮೊದಲ ಅರ್ಧ ಗಂಟೆಯಲ್ಲೇ ಏರಿತ್ತು. ಕಿಟಕಿ ಗಾಜನ್ನು ಬೆರಳಷ್ಟು ಇಳಿಸಿಟ್ಟರೆ ಸಾಕಲ್ಲವೇ ಎನ್ನುತ್ತೀರಾ? ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಲಿಲ್ಲ! ಹಾಗಾಗಿ ಮಕ್ಕಳನ್ನಾಗಲಿ, ನಾಯಿಯನ್ನಾಗಲಿ ನಿಂತ ಗಾಡಿಯಲ್ಲಿ ಐದು ನಿಮಿಷಕ್ಕೂ ಬಿಟ್ಟು ಹೋಗಬೇಡಿ. ದಯವಿಟ್ಟು.

ಇನ್ನು ಬಾಹ್ಯಾಕಾಶಕ್ಕೆ ಹೋಗಿಬರೋಣ ಬನ್ನಿ! 1973ರ ಮೇ 14ರಂದು ಅಮೆರಿಕ ಸ್ಕೈಲ್ಯಾಬ್ ಎಂಬ ನಿಲ್ದಾಣವನ್ನು ಹಾರಿಸಿತು. ಮೇಲೇರುವಾಗಲೇ ಅದರ ಹೊರಕವಚ ಕಿತ್ತುಹೋಯಿತು. ನೆರಳು ಹೋಯಿತು, ಬಿಸಿಲು ನೇರ ಬಡಿಯಿತು. ಒಳಗೆ 52 ಡಿಗ್ರಿ! ಹನ್ನೊಂದು ದಿನದ ಮೇಲೆ ಮೂವರು ಗಗನಯಾತ್ರಿಗಳು ಹೊರಟರು. ಕೈಯಲ್ಲಿ ಏನಿತ್ತು ಊಹಿಸಿ. ಒಂದು ಕೊಡೆ! ಗೇಣಗಲದ ಕಿಂಡಿಯಿಂದ ಅದನ್ನು ಹೊರಕ್ಕೆ ತಳ್ಳಿ ಅಲ್ಲೇ ಬಿಚ್ಚಿದರು. ಸುಮಾರು 7 ಮೀಟರ್ ಅಗಲದ, ಮಿರಿಮಿರಿ ಮಿನುಗುವ ಬಟ್ಟೆ. ಕೆಲವೇ ದಿನಗಳಲ್ಲಿ ಒಳಗಿನ ಧಗೆ ಇಳಿದು ನಿಲ್ದಾಣ ವಾಸಕ್ಕೆ ಯೋಗ್ಯವಾಯಿತು. ಕೋಟಿಗಟ್ಟಲೆ ಡಾಲರಿನ ಯಂತ್ರವನ್ನು ಉಳಿಸಿದ್ದು ಒಂದು ಕೊಡೆ!

ವ್ಯಾನಿಗೂ ಇದೇ ಉಪಾಯ. ಗಾಜಿನ ಒಳಗೆ ಪರದೆ ಎಳೆದರೆ ಅಷ್ಟೊತ್ತಿಗೆ ಬಿಸಿಲು ಒಳಗೆ ಬಂದೇ ಬಿಟ್ಟಿರುತ್ತದೆ. ಅದೇ ಪರದೆಯನ್ನು ಗಾಜಿನ ಹೊರಗೆ ಕಟ್ಟಿ ನೋಡಿ, ಬಿಸಿಲು ಬಾಗಿಲಲ್ಲೇ ವಾಪಸ್!

ಥಳಥಳಿಸುವ ಬೆಳ್ಳಿ ಬಣ್ಣದ ಏರ್‌ಸ್ಟ್ರೀಮ್ ಟ್ರೇಲರನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. 1969ರಲ್ಲಿ ಚಂದ್ರನಿಂದ ಮರಳಿದ ಅಪೋಲೋ 11ರ ಮೂವರನ್ನೂ ಸೋಂಕಿನ ಭಯಕ್ಕೆ ಕೂಡಿಹಾಕಿದ್ದು ಅಂಥದೇ ಟ್ರೇಲರಿನಲ್ಲಿ! ಅಷ್ಟು ಹೊಳೆಯುವ ಮೈ ಎಲ್ಲಕ್ಕಿಂತ ತಂಪಾಗಿರಬೇಕಲ್ಲವೇ? ಇಲ್ಲ! ಬಿಸಿಲಿನಲ್ಲಿ ಬರೀ ಬಿಳಿ ಬಣ್ಣ ಬಳಿದ ತಗಡೇ ಅದಕ್ಕಿಂತ ತಂಪು. ಹೊಳೆಯುವ ಲೋಹ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ ನಿಜ. ಆದರೆ ಒಮ್ಮೆ ಕಾದರೆ ಆ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಬಿಳಿ ಬಣ್ಣ ಎರಡರಲ್ಲೂ ಜಾಣ!

ಬಿಳಿಯಲ್ಲೂ ಬಿಳಿ ಇದೆ! ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಬೇರಿಯಂ ಸಲ್ಫೇಟ್ ಬೆರೆಸಿ ಒಂದು ಬಣ್ಣ ಮಾಡಿದರು. ಅದು ಬಿಸಿಲಿನ ಶೇ. 98.1ರಷ್ಟನ್ನು ವಾಪಸ್ ಕಳಿಸುತ್ತದೆ. ಮಟಮಟ ಮಧ್ಯಾಹ್ನ, ಸುಡುಬಿಸಿಲಲ್ಲಿ, ಆ ಬಣ್ಣ ಬಳಿದ ಮೇಲ್ಮೈ ಸುತ್ತಲಿನ ಗಾಳಿಗಿಂತ 4 ಡಿಗ್ರಿಗೂ ಹೆಚ್ಚು ತಂಪಾಗಿತ್ತು. ಕರೆಂಟಿಲ್ಲ, ಫ್ಯಾನಿಲ್ಲ, ಬರೀ ಬಣ್ಣ!

ಬಿಸಿ ಬರೀ ಹೊರಗಿನಿಂದಲೇ ಬರುತ್ತದೆಯೇ? ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತಲೇ ಇರುತ್ತದೆ. ನಾಲ್ವರು ವ್ಯಾನಿನೊಳಗೆ ಹರಟೆ ಹೊಡೆಯುತ್ತಿದ್ದರೆ ಹಳೇ ಕಾಲದ ನಾಲ್ಕು ದೊಡ್ಡ ಬಲ್ಬು ಉರಿದಂತೆ!

ಹಳೆಯ ಲ್ಯಾಂಡ್ ರೋವರುಗಳಲ್ಲಿ ಬಿಸಿನಾಡಿಗೆಂದೇ ಎರಡು ಛಾವಣಿ ಇರುತ್ತಿತ್ತು! ಮೇಲಿನದು ಬಿಸಿಲು ತಡೆಯುವುದು, ನಡುವೆ ಗಾಳಿ ಓಡುವುದು. ಈಗಿನ ವ್ಯಾನುಗಳ ಮೇಲೆ ಕೂರಿಸುವ ಸೋಲಾರ್ ಫಲಕವೂ ಗೊತ್ತಿಲ್ಲದೆ ಇದೇ ಕೆಲಸ ಮಾಡುತ್ತದೆ.

ಫೋಕ್ಸ್‌ವ್ಯಾಗನ್ನಿನ ಹಳೆಯ ಸಾಂಬಾ ಬಸ್ ಗೊತ್ತೇ? 1951ರಲ್ಲಿ ಬಂದ ಆ ಪುಟ್ಟ ಗಾಡಿಗೆ 23 ಕಿಟಕಿ! ಆ ಕಾಲದ ಫೋಕ್ಸ್‌ವ್ಯಾಗನ್ ವ್ಯಾನುಗಳಲ್ಲಿ ಕೆಲವಕ್ಕೆ ಮುಂದಿನ ಗಾಜೇ ಕಿಟಕಿಯ ಹಾಗೆ ಹೊರಕ್ಕೆ ಎತ್ತಿಕೊಳ್ಳುತ್ತಿತ್ತು. ಗಾಡಿ ಓಡಿದಷ್ಟೂ ಗಾಳಿ ನೇರ ಮುಖಕ್ಕೆ! ಎಂಜಿನ್ನಿಗೂ ಗಾಳಿಯೇ ಗತಿ. ರೇಡಿಯೇಟರ್ ಎಂಬುದೇ ಇರಲಿಲ್ಲ.

ಇದನ್ನು ಕೇಳಿದರೆ ನೀವು ನಂಬಲಿಕ್ಕಿಲ್ಲ. ಏಸಿ ಇಲ್ಲದ ದಿನಗಳಲ್ಲಿ ಅಮೆರಿಕದ ಮರುಭೂಮಿ ದಾಟುವವರು ಕಾರಿನ ಕಿಟಕಿಗೆ ಒಂದು ಉರುಟು ಡಬ್ಬಿ ನೇತುಹಾಕುತ್ತಿದ್ದರು. ಒಳಗೆ ನೀರು, ನೆನೆದ ಮೆತ್ತೆ. ಗಾಡಿ ಓಡಿದಂತೆ ಬಿಸಿಗಾಳಿ ಆ ಮೆತ್ತೆಯನ್ನು ಹಾಯ್ದು ತಣ್ಣಗಾಗಿ ಒಳಗೆ ಬರುತ್ತಿತ್ತು. ಮೆತ್ತೆ ಒಣಗಿತೇ? ದಾರ ಎಳೆದರೆ ಮತ್ತೆ ಒದ್ದೆ! ನಮ್ಮ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ, ಒದ್ದೆ ಲಾವಂಚದ ತಟ್ಟಿ ಘಮ್ಮೆಂದು ತಂಪು ಬೀರುವುದೂ ಇದೇ ಮಾಯೆಯಿಂದ. ಒಂದು ಲೀಟರ್ ನೀರು ಪೂರ್ತಿ ಆವಿಯಾಗುವಾಗ ಹೀರುವ ಶಾಖ, ಕರೆಂಟಿನ ಲೆಕ್ಕದಲ್ಲಿ, ಒಂದು ಯೂನಿಟ್ಟಿನ ಮೂರರಲ್ಲೆರಡು ಪಾಲು! ರಾಯಚೂರಿನ ಒಣ ಬೇಸಿಗೆಯಲ್ಲಿ ವ್ಯಾನ್ ನಿಲ್ಲಿಸಿದರೆ ಒದ್ದೆ ಬಟ್ಟೆಯೇ ಸ್ವರ್ಗ. ಮಂಗಳೂರಿನ ಸೆಖೆಯಲ್ಲಿ ಮಾತ್ರ ಬೇಡ. ಗಾಳಿಯೇ ನೀರು ಕುಡಿದು ಕೂತಿರುವಾಗ ಬಟ್ಟೆ ಒಣಗುವುದೆಲ್ಲಿ, ತಂಪಾಗುವುದೆಲ್ಲಿ!

ಕಾರ್ಖಾನೆಯೇ ಏಸಿ ಕೂರಿಸಿಕೊಟ್ಟ ಮೊದಲ ಕಾರು ಪ್ಯಾಕಾರ್ಡ್, 1940ರ ಮಾದರಿ. ಏಸಿಯೇ ಅರ್ಧ ಡಿಕ್ಕಿ ನುಂಗಿಹಾಕಿತ್ತು! ಚಳಿಯಾದರೆ? ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು!

ಈಗಿನ ವ್ಯಾನಿನಲ್ಲಿ ಏಸಿಗಿಂತ ಫ್ಯಾನೇ ಮೇಲು ಎನ್ನುವುದು ನನ್ನ ಅನಿಸಿಕೆ. ಲೆಕ್ಕ ನೋಡಿ: 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ 600 ವ್ಯಾಟಿನ ಏಸಿಗೆ ಎರಡೇ ಗಂಟೆ. 30 ವ್ಯಾಟಿನ ಫ್ಯಾನಿಗೆ ನಲವತ್ತು ಗಂಟೆ!

ಬೆಂಕಿ ಹಚ್ಚಿ ಐಸ್ ಮಾಡಬಹುದು ಗೊತ್ತೇ? ಸುಮ್ಮನೆ ಹೇಳುತ್ತಿಲ್ಲ! ಎಷ್ಟೋ ಕ್ಯಾಂಪರ್ ವ್ಯಾನುಗಳ ಫ್ರಿಜ್ಜಿನ ಹಿಂದೆ ಪುಟ್ಟದೊಂದು ಗ್ಯಾಸ್ ಜ್ವಾಲೆ ಉರಿಯುತ್ತಿರುತ್ತದೆ. ಅದರ ಬಿಸಿಗೆ ಅಮೋನಿಯಾ ನೀರಿನಿಂದ ಬಿಡಿಸಿಕೊಂಡು, ಸುತ್ತು ಹೊಡೆದು, ಆವಿಯಾಗುವಾಗ ಫ್ರಿಜ್ಜಿನ ಶಾಖ ಹೀರುತ್ತದೆ. ಮೋಟಾರಿಲ್ಲ, ಸದ್ದಿಲ್ಲ! 1922ರಲ್ಲಿ ಇದನ್ನು ಕಂಡುಹಿಡಿದವರು ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟನ್ ಮತ್ತು ಮುಂಟರ್ಸ್. ಇದರದ್ದು ಒಂದೇ ಹಟ, ಗಾಡಿ ಸಮತಟ್ಟಾಗಿ ನಿಂತಿರಬೇಕು. ಓರೆಯಾಗಿ ನಿಲ್ಲಿಸಿದಿರೋ, ತಂಪು ಬಂದ್!

ಕೊನೆಗೆ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ. ಸಮುದ್ರಮಟ್ಟಕ್ಕಿಂತ 58 ಮೀಟರ್ ಕೆಳಗಿರುವ ಅಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾಗಿದೆ. ಅಂಥ ಬಿಸಿ ಭೂಮಿಯ ಮೇಲೆ ಬೇರೆಲ್ಲೂ ಅಧಿಕೃತವಾಗಿ ದಾಖಲಾಗಿಲ್ಲ. ಆದರೆ ಅದೇ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದೊಳಗೆ ಮಹೋಗನಿ ಫ್ಲ್ಯಾಟ್ ಎಂಬ ಬಿಡಾರವೂ ಇದೆ, ಸುಮಾರು 2,500 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಬಿಸಿ ಇಳಿಯುತ್ತದೆ. ಕೆಳಗೆ ಜನ ಬೇಯುತ್ತಿರುವಾಗ, ಅಲ್ಲಿಗಿಂತ ಸುಮಾರು ಹದಿನಾರು ಡಿಗ್ರಿ ಹೆಚ್ಚು ತಂಪಾದ ಆ ಗುಡ್ಡದಲ್ಲಿ ವ್ಯಾನ್ ನಿಲ್ಲಿಸಿದವರು ರಾತ್ರಿ ಹೊದಿಕೆ ಹುಡುಕುತ್ತಾರೆ!