ಸದ್ದಡಗಿದ ಬಿಲ್ಲು
ಗಾಂಡೀವದ ಠೇಂಕಾರಕ್ಕೇ ಕೌರವ ಸೇನೆ ನಡುಗಿತೆಂದು ಕೇಳಿ ಬೆಳೆದವರು ನಾವು. ಇಲ್ಲಿ ಮಿಶಿಗನ್ನಿನ ಬೇಟೆಗಾರರಿಗೆ ಆ ಠೇಂಕಾರವೇ ತಲೆನೋವು!

ಬಾಣ ಸೆಕೆಂಡಿಗೆ ಸುಮಾರು 200 ಅಡಿ ಹೋದರೆ ಸದ್ದು 1,100 ಅಡಿ ಹೋಗುತ್ತದೆ. ಹೆದೆಯ ಸದ್ದಿಗೆ ಬೆಚ್ಚಿದ ಜಿಂಕೆ ಜಿಗಿಯಲೆಂದು ಮೈ ಕುಗ್ಗಿಸುತ್ತದೆ. ಎದೆಗಿಟ್ಟ ಬಾಣ ಬೆನ್ನಿಗೆ ತಾಗುತ್ತದೆ. ನಮ್ಮ ನೆರೆಮನೆಯ ಹಿರಿಯರು ಹಾಗೆ ಗಾಯಗೊಂಡ ಜಿಂಕೆಯನ್ನು ಕತ್ತಲಾಗುವವರೆಗೂ ಹುಡುಕಿ ಬರಿಗೈಯಲ್ಲಿ ಮರಳಿದರಂತೆ.

ಅಂದಿನಿಂದ ತಮ್ಮ ಹಳೆಯ ಬೇರ್ ಕೋಡಿಯಾಕ್ ಬಿಲ್ಲಿನ ಹೆದೆಗೆ ಉಣ್ಣೆಯ ಕುಚ್ಚು ಕಟ್ಟುತ್ತಾರೆ. ಹೆದೆಯನ್ನು ಇನ್ನಷ್ಟು ಹುರಿಮಾಡಿ ಹಿಡಿಯಿಂದ ಕೊಂಚ ದೂರ ನಿಲ್ಲಿಸುತ್ತಾರೆ. ಭಾರದ ಬಾಣ ಹೂಡುತ್ತಾರೆ.

1969ರಲ್ಲಿ ಹಾಲೆಸ್ ಅಲೆನ್ ಅವರ ರಾಟೆಬಿಲ್ಲಿಗೆ ಪೇಟೆಂಟ್ ಸಿಕ್ಕಿತು. ಬರಬರುತ್ತ ಹಳೆಯ ಬಿಲ್ಲುಗಳು ಅನೇಕರ ಮನೆಯಲ್ಲಿ ಅಟ್ಟ ಸೇರಿದವು. ಇವರದು ಮಾತ್ರ ಪ್ರತಿ ಅಕ್ಟೋಬರಿನಲ್ಲಿ ಗೋಡೆಯಿಂದ ಕೆಳಗಿಳಿಯುತ್ತದೆ. ಮೊದಲು ಕುಚ್ಚು, ಆಮೇಲೆ ಬಾಣ!